ಬೆಲ್ಲು ಇಲ್ಲದ ದಿನಗಳು

ಪ್ರಶ್ನೆ: ನನಗೆ 35 ವರ್ಷ. ಹಾಸನ ಜಿಲ್ಲೆಯ ಪದವಿ ಕಾಲೇಜೊಂದರಲ್ಲಿ ಆರು ವರ್ಷ ಅತಿಥಿ ಉಪನ್ಯಾಸಕಿಯಾಗಿ ಕೆಮಿಸ್ಟ್ರಿ ಪಾಠ ಮಾಡಿದೆ. ವಾರಕ್ಕೆ 15 ಗಂಟೆ ಕ್ಲಾಸು. ಅದರ ನಡುವೆಯೇ ಪಿಎಚ್‌ಡಿ ಮುಗಿಸಿದೆ. ಈಗ ಎಂಟು ತಿಂಗಳಿಂದ ಬೆಂಗಳೂರಿನಲ್ಲಿ ಪೋಸ್ಟ್‌ಡಾಕ್. ಪಾಠವಿಲ್ಲ, ಸಂಶೋಧನೆ ಅಷ್ಟೇ. ಆದರೆ ರಿಯಾಕ್ಷನ್ ಇಟ್ಟು ಕಾಯುತ್ತೇನೆ, ಮೇಲ್ ನೋಡುತ್ತೇನೆ, ಫೋನ್ ನೋಡುತ್ತೇನೆ, ಸಂಜೆಯಾಗಿಬಿಡುತ್ತದೆ. ಒಂದು ಪೇಪರೂ ಬರೆದಿಲ್ಲ. ಫೆಲೋಶಿಪ್ ಇರುವುದು ಎರಡೇ ವರ್ಷ. ಮೊನ್ನೆ ಅತ್ತೆ, "ಪಾಠ ಇಲ್ಲ ಅಂದ್ಮೇಲೆ ದಿನಾ ಹೋಗಿ ಏನ್ಮಾಡ್ತೀಯಮ್ಮಾ?" ಅಂದರು. ಉತ್ತರ ಬರಲಿಲ್ಲ. ನಾನು ಸೋಮಾರಿಯಾಗಿಬಿಟ್ಟೆನಾ?
– ಹೆಸರು ಬೇಡ

ಉತ್ತರ: ಅತಿಥಿ ಉಪನ್ಯಾಸಕಿಯಾಗಿದ್ದುಕೊಂಡೇ ಪಿಎಚ್‌ಡಿ ಮುಗಿಸಿದವರನ್ನು ಸೋಮಾರಿ ಅಂದರೆ ನಾನು ನಂಬುವುದಿಲ್ಲ. ಕಾಲೇಜಿನಲ್ಲಿ ಬೆಲ್ಲು ನಿಮ್ಮ ದಿನವನ್ನು ತುಂಡು ಮಾಡಿ ಕೊಡುತ್ತಿತ್ತು. ಹುಡುಗರು ಕಾಯುತ್ತಿದ್ದರು. ಪಾಠ ಮುಗಿಸಿ ಹೊರಗೆ ಬಂದರೆ ಸುಸ್ತಾದರೂ ಒಂದು ಕೆಲಸ ಮುಗಿದಿರುತ್ತಿತ್ತು. ಈಗ ಬೆಲ್ಲೂ ಇಲ್ಲ, ಕಾಯುವವರೂ ಇಲ್ಲ. ನಾನೂ ಒಮ್ಮೆ ಬರೆಯಲೆಂದೇ ಒಂದು ತಿಂಗಳು ರಜೆ ಹಾಕಿ ಕೂತಿದ್ದೆ. ಮನೆಯ ಮಸಾಲೆ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದ್ದಾಯಿತು, ಬರೆದದ್ದು ಮಾತ್ರ ನಾಲ್ಕು ಪುಟ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು "ರಿಯಾಕ್ಷನ್ ಇಟ್ಟು ಕಾಯುತ್ತೇನೆ" ಅನ್ನುವ ಮಾತು. ರಿಯಾಕ್ಷನ್ ಎಲ್ಲಿಗೆ ಬಂತೆಂದು ತೋರಿಸುವ ಟಿಎಲ್‌ಸಿ ನೋಡಲು ಅರ್ಧ ಗಂಟೆ, ಬಂದ ವಸ್ತುವಿನ ರಚನೆ ತಿಳಿಸುವ ಎನ್‌ಎಂಆರ್ ಯಂತ್ರದ ಸ್ಲಾಟಿಗೆ ಎರಡು ಗಂಟೆ. ಇಂಥ ಚೂರುಪಾರು ಹೊತ್ತಿನಲ್ಲಿ ಪೇಪರ್ ಬರೆಯಲು ಕೂತರೆ ಫೋನೇ ಗೆಲ್ಲುತ್ತದೆ. ಆ ಚೂರುಗಳನ್ನು ತಲೆ ಜಾಸ್ತಿ ಬೇಡದ ಕೆಲಸಕ್ಕೆ ಇಡಿ. ಲ್ಯಾಬ್ ನೋಟ್‌ಬುಕ್ ತುಂಬಿ, ವಸ್ತು ಎಷ್ಟು ಸಿಕ್ಕಿತೆಂಬ ಯೀಲ್ಡ್ ಲೆಕ್ಕ ಹಾಕಿ, ಬಂದ ಡೇಟಾವನ್ನು ಪೇಪರಿನ ಜೊತೆ ಕಳಿಸುವ ಸಪೋರ್ಟಿಂಗ್ ಇನ್ಫರ್ಮೇಶನ್ ಫೈಲಿಗೆ ಅವತ್ತೇ ಸೇರಿಸಿ. (ಇದನ್ನೆಲ್ಲ ಕೊನೆಗೆ ಒಟ್ಟಿಗೆ ಮಾಡಲು ಹೋಗಿ ಅತ್ತವರನ್ನು ಕಂಡಿದ್ದೇನೆ.)

ಬರೆಯುವುದಕ್ಕೆ ಬೆಳಿಗ್ಗೆ ಎರಡು ಗಂಟೆ ಇಡಿಯಾಗಿ ಬೇಕು. ರಾತ್ರಿಯಿಡೀ ಸ್ಟಿರ್ ಆಗಬಹುದಾದ ರಿಯಾಕ್ಷನ್‌ಗಳನ್ನು ಸಂಜೆಯೇ ಇಟ್ಟು ಹೋಗಿ. ಯಾರೂ ಇಲ್ಲದಾಗ ಬಿಡಬಾರದಂಥವು ಬೇರೆ ಮಾತು, ಅದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಬೆಳಿಗ್ಗೆ ಬಂದವರು ಲ್ಯಾಬಿನ ಬಾಗಿಲು ದಾಟಿ ಸೀದಾ ಲೈಬ್ರರಿಗೆ ನಡೆಯಿರಿ. ಮೊದಲು ಸ್ಕೀಮು (ರಿಯಾಕ್ಷನ್‌ಗಳ ಚಿತ್ರ), ಟೇಬಲ್ಲು ಮಾಡಿಕೊಳ್ಳಿ. ಅವು ಕಣ್ಣೆದುರು ಇದ್ದರೆ ವಾಕ್ಯಗಳು ಹಿಂದೆಯೇ ಬರುತ್ತವೆ. ಮೇಲ್ ಊಟವಾದ ಮೇಲೆ.

ಇನ್ನು ಕಾಯುವವರ ವಿಷಯ. ಪ್ರತಿ ಶುಕ್ರವಾರ ನಿಮ್ಮ ಮೆಂಟರಿಗೆ ಅರ್ಧ ಪುಟ ಕಳಿಸಿ. ಈ ವಾರ ಏನಾಯಿತು, ಏನು ಕೆಟ್ಟಿತು, ಅಷ್ಟೇ. ಕೆಟ್ಟದ್ದನ್ನು ಮುಚ್ಚಿಡಬೇಡಿ. ಅವರು ಓದದಿದ್ದರೂ ಪರವಾಗಿಲ್ಲ, ಗುರುವಾರ ಸಂಜೆ ನಿಮಗೆ ಸಣ್ಣ ಹೆದರಿಕೆ ಹುಟ್ಟಿದರೆ ಸಾಕು.

ಪಾಠವನ್ನೂ ಪೂರ್ತಿ ಬಿಡಬೇಡಿ. ಸಿ.ವಿ. ರಾಮನ್ 1907ರಿಂದ ಹತ್ತು ವರ್ಷ ಸರ್ಕಾರದ ಹಣಕಾಸು ಇಲಾಖೆಯ ಅಧಿಕಾರಿಯಾಗಿದ್ದರು. ಕಲ್ಕತ್ತೆಯಲ್ಲಿ ಆಫೀಸಿಗೆ ಮುಂಚೆ, ಆಫೀಸು ಮುಗಿದ ಮೇಲೆ ಅವರ ಪ್ರಯೋಗ ನಡೆಯುತ್ತಿತ್ತು. 1917ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪಾಲಿತ್ ಹೆಸರಿನ ಭೌತಶಾಸ್ತ್ರ ಪೀಠದ ಪ್ರೊಫೆಸರ್ ಆದರು. ಆ ಹುದ್ದೆಯಲ್ಲಿ ಪಾಠ ಮಾಡಲೇಬೇಕೆಂದು ಇರಲಿಲ್ಲ. ಆದರೂ ಅವರು ಮಾಡಿದರು. ನಾವೆಲ್ಲ ರಾಮನ್ ಅಲ್ಲ, ಬಿಡಿ. ಆದರೆ ಲ್ಯಾಬಿಗೆ ಬಂದ ಇಂಟರ್ನ್‌ಗಳನ್ನು ವಾರಕ್ಕೊಂದು ಗಂಟೆ ಕೂರಿಸಿಕೊಂಡು ನಿಮ್ಮ ಕೆಲಸವನ್ನು ಬೋರ್ಡಿನ ಮೇಲೆ ಬಿಡಿಸಿ ಹೇಳಬಹುದಲ್ವಾ? ಎಲ್ಲಿ ತಡವರಿಸುತ್ತೀರೋ ಪೇಪರಿನಲ್ಲೂ ಅಲ್ಲೇ ತೂತು ಇರುತ್ತದೆ. ಆರು ವರ್ಷದ ಅಭ್ಯಾಸ ಸುಮ್ನೆ ಹೋಗುವುದಿಲ್ಲ.

ಒಂದು ವಿಷಯ ನೀವು ಬರೆದಿಲ್ಲ, ನಾನೇ ಕೇಳುತ್ತೇನೆ. ನಿದ್ದೆ, ಊಟ ಸರಿಯಾಗಿದೆಯಾ? ಎರಡು ವಾರದಿಂದ ಅದೂ ಕೆಟ್ಟಿದ್ದರೆ ಈ ಉಪಾಯಗಳನ್ನೆಲ್ಲ ಪಕ್ಕಕ್ಕಿಟ್ಟು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಸಿಗುತ್ತಾರೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಅತ್ತೆಯವರ ಪ್ರಶ್ನೆಯನ್ನು ಚುಚ್ಚುಮಾತು ಅಂದುಕೊಂಡಿರಿ ಅನ್ನಿಸುತ್ತದೆ. ನನಗೇನೋ ಅವರಿಗೆ ನಿಜಕ್ಕೂ ಕುತೂಹಲ ಇದ್ದಂತಿದೆ. ಮುಂದಿನ ಸಲ ವಸ್ತುವನ್ನು ಶುದ್ಧ ಮಾಡಲು ಲ್ಯಾಬಿನಲ್ಲಿ ಕಾಲಂ ಹಾಕಿದ ದಿನ ಸಂಜೆ ಕಾಫಿ ಕುಡಿಯುತ್ತಾ ಹೇಳಿ ನೋಡಿ: "ಬೆಳಿಗ್ಗೆಯಿಂದ ನಿಂತುಕೊಂಡೇ ಇದ್ದೆ ಅತ್ತೆ, ಕೊನೆಗೆ ಸಿಕ್ಕಿದ್ದು ಒಂದು ಚಿಟಿಕೆ ಉಪ್ಪಿನಷ್ಟು." ಅಷ್ಟಕ್ಕೆ ಅಷ್ಟು ಹೊತ್ತಾ ಅಂತ ಅವರು ಕೇಳಿಯೇ ಕೇಳುತ್ತಾರೆ.