ನಿವೃತ್ತಿಯಾದ ಕೂಡಲೇ ಶುಗರ್, ಬಿಪಿ ಎರಡೂ ಬಂದಿವೆ. ದಿನವಿಡೀ ಅದೇ ಯೋಚನೆ. ಹೊಂದಿಕೊಳ್ಳುವುದು ಹೇಗೆ?

ನಾನು ದಾವಣಗೆರೆ ಕಡೆ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದೆ. 60 ತುಂಬಿದಾಗ ನಿವೃತ್ತನಾದೆ. ನಿಮಗಿರುವ ಎರಡೂ ಕಾಯಿಲೆ ನನಗೂ ಇವೆ.

ಕಾಯಿಲೆಯ ಜೊತೆಗೆ ಖಾಲಿ ದಿನವೂ ಸೇರಿಕೊಂಡು ನಿಮ್ಮನ್ನು ಹೆದರಿಸುತ್ತಿದೆ ಅನಿಸುತ್ತದೆ. ಕೆಲಸದಲ್ಲಿದ್ದಾಗ ತಲೆ ಸುತ್ತಿದರೆ ನೀರು ಕುಡಿದು ಮುಂದಿನ ಪೀರಿಯಡ್‌ಗೆ ಹೋಗುತ್ತಿದ್ದೆವು. ಈಗ ಅದನ್ನೇ ಸಂಜೆವರೆಗೂ ಯೋಚಿಸಲು ಪುರಸೊತ್ತಿದೆ.

ದಿನಕ್ಕೆ ಐದಾರು ಸಲ ಬೆರಳು ಚುಚ್ಚಿ ಶುಗರ್ ನೋಡುತ್ತೇನೆ ಎಂದಿದ್ದೀರಿ. ಇನ್ಸುಲಿನ್ ತೆಗೆದುಕೊಳ್ಳುವವರ ಮಾತು ಬೇರೆ. ಬರೀ ಮಾತ್ರೆಯಲ್ಲಿರುವವರಿಗೆ ಸಾಮಾನ್ಯವಾಗಿ ಅಷ್ಟೊಂದು ಬೇಕಾಗುವುದಿಲ್ಲ, ಡಾಕ್ಟರನ್ನು ಒಮ್ಮೆ ಕೇಳಿ. ಊಟ, ನಿದ್ದೆ, ಚಿಂತೆ ಎಲ್ಲಕ್ಕೂ ಆ ಅಂಕಿ ಏರಿಳಿಯುತ್ತದೆ. ಹಿಂದಿನ ಎರಡು ಮೂರು ತಿಂಗಳ ಶುಗರಿನ ಸರಾಸರಿ ಹೇಳುವುದು ಎಚ್‌ಬಿಎ1ಸಿ ಎಂಬ ರಕ್ತ ಪರೀಕ್ಷೆ. ನಾನು ನಂಬುವುದು ಅದನ್ನು.

ಶುಗರಿಗೆ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವರ್ಷಗಳು ಕಳೆದಂತೆ ಮೈಯಲ್ಲಿ ವಿಟಮಿನ್ ಬಿ12 ಕಡಿಮೆಯಾಗಬಹುದು. ಕಾಲು ಜೋಮು ಹಿಡಿದರೆ ವಯಸ್ಸಾಯ್ತಲ್ವಾ ಎಂದು ಸುಮ್ನೆ ಬಿಡಬೇಡಿ, ಪರೀಕ್ಷೆ ಮಾಡಿಸಿ. ಬಿಪಿ ಮಾತ್ರೆ ನುಂಗುವವರು ರಾತ್ರಿ ದಡಕ್ಕನೆ ಏಳಬಾರದು. ಹಾಸಿಗೆಯ ಅಂಚಿನಲ್ಲಿ ಒಂದು ನಿಮಿಷ ಕೂತು, ಆಮೇಲೆ ನಿಲ್ಲಿ. ಬಚ್ಚಲಿನ ದಾರಿಗೆ ಸಣ್ಣ ದೀಪ ಹಾಕಿಸಿ. ಈ ವಯಸ್ಸಿನಲ್ಲಿ ನನಗೆ ಶುಗರಿಗಿಂತ ಬೀಳುವುದರ ಭಯವೇ ಜಾಸ್ತಿ. ಸೊಂಟದ ಮೂಳೆ ಮುರಿದ ಮೇಲೆ ಮೊದಲಿನ ಹಾಗೆ ಓಡಾಡಲಾಗದ ಗೆಳೆಯರನ್ನು ಕಂಡಿದ್ದೇನೆ.

ಹೆಂಡತಿ ಸಿಡುಕುತ್ತಾರೆ ಎಂದು ಬೇಜಾರು ಮಾಡಿಕೊಂಡಿದ್ದೀರಿ. ಅವರಿಗೆ ನಿವೃತ್ತಿ ಎಲ್ಲಿದೆ ಹೇಳಿ? ನೀವು ಮನೆಯಲ್ಲಿರುವುದರಿಂದ ಅವರ ಕೆಲಸ ಇನ್ನೂ ಹೆಚ್ಚಾಗಿದೆ. ತರಕಾರಿ ಹೆಚ್ಚುವುದೋ, ಬಟ್ಟೆ ಒಣಹಾಕುವುದೋ, ಒಂದು ಕೆಲಸ ಪೂರ್ತಿ ನಿಮ್ಮದಾಗಲಿ. ಹಾಗೆಯೇ ಅವರ ಬಿಪಿಯನ್ನೂ ಒಮ್ಮೆ ನೋಡಿಸಿ. ನಮ್ಮ ಹೆಣ್ಣುಮಕ್ಕಳು ತಾವಾಗಿ ಕೇಳುವುದಿಲ್ಲ.

ವಾಕಿಂಗ್ ಎಲ್ಲರೂ ಹೇಳುತ್ತಾರೆ, ಮಾಡಿ. ಆದರೆ ವಾಕಿಂಗ್ ಒಂದರಿಂದಲೇ ದಿನ ತುಂಬುವುದಿಲ್ಲ. ನಿಮಗಾಗಿ ಯಾರಾದರೂ ಕಾಯುವಂತಿರಬೇಕು. ನೀವು ಲೆಕ್ಕ ಶಾಖೆಯಲ್ಲಿದ್ದವರು. ನಿಮ್ಮ ಬೀದಿಯಲ್ಲಿಯೇ 75, 80 ದಾಟಿದ ಪಿಂಚಣಿದಾರರು ಇದ್ದೇ ಇರುತ್ತಾರೆ. ನವೆಂಬರ್ ಬಂದರೆ ಜೀವಂತ ಇದ್ದೇವೆ ಎಂದು ತೋರಿಸಲು ಬ್ಯಾಂಕಿನ ಸಾಲಿನಲ್ಲಿ ನಿಲ್ಲುತ್ತಾರೆ. ಅದರ ಡಿಜಿಟಲ್ ಪ್ರಮಾಣಪತ್ರವಾದ 'ಜೀವನ್ ಪ್ರಮಾಣ್' ಈಗ ಮೊಬೈಲಿನಲ್ಲಿ ಮುಖ ತೋರಿಸಿಯೂ ಮಾಡಬಹುದು. ಯಾರ ಪಿಂಚಣಿಗೆ ಅದು ನಡೆಯುತ್ತದೆ ಎಂದು ಅವರವರ ಬ್ಯಾಂಕಿನಲ್ಲಿ ವಿಚಾರಿಸಿ, ಮನೆಗೇ ಹೋಗಿ ಮಾಡಿಕೊಡಿ. ಫೈಲು, ಅರ್ಜಿ, ಬಾಕಿ ಲೆಕ್ಕ ನಿಮಗೆ ನೀರು ಕುಡಿದಷ್ಟು ಸಲೀಸು, ಅವರಿಗೆ ಅದು ದೊಡ್ಡ ಗಂಟು. ಎದುರು ಮನೆಯ ಹಿರಿಯರಿಂದಲೇ ಶುರು ಮಾಡಿ.