ಬೆಕ್ಕಿನ ಬಟ್ಟಲಿಗೆ ಕಾಳೋ, ಪೌಚೋ?

ಬೆಕ್ಕಿನ ಊಟದ ಬಗ್ಗೆ ಮಂಗಳೂರು, ಉಡುಪಿ ಕಡೆಯಿಂದ ಬಂದ ಪ್ರಶ್ನೆಗಳಿಗೆ ಈ ಬಾರಿಯ ಅಂಕಣದಲ್ಲಿ ಉತ್ತರ.

ಪ್ರಶ್ನೆ: ಕದ್ರಿಯಲ್ಲಿ ಮೂರನೇ ಮಹಡಿಯ ಫ್ಲ್ಯಾಟ್ ನಮ್ಮದು. ಎರಡು ವರ್ಷದ ಗಂಡು ಬೆಕ್ಕು ಉಂಟು, ಮರಿಯಾಗದಂತೆ ಆಪರೇಷನ್ ಆಗಿದೆ, ತೂಕ 4 ಕಿಲೋ. ಡ್ರೈ ಫುಡ್ ಮಾತ್ರ ಹಾಕುವುದು, ಬಟ್ಟಲು ಖಾಲಿಯಾದ ಹಾಗೆ ತುಂಬಿಸುತ್ತೇವೆ. ಡ್ರೈ ತಿಂದರೆ ಹಲ್ಲು ಕ್ಲೀನ್ ಆಗುತ್ತದೆ ಎನ್ನುತ್ತಾರೆ ಒಬ್ಬರು, ಕಿಡ್ನಿ ಹಾಳಾಗುತ್ತದೆ ಎನ್ನುತ್ತಾರೆ ಇನ್ನೊಬ್ಬರು. ಯಾರ ಮಾತು ಸರಿ?

ಉತ್ತರ: ಇಬ್ಬರದ್ದೂ ಅಲ್ಲ. ಸಾಮಾನ್ಯ ಡ್ರೈ ಫುಡ್‌ನ ಕಾಳು ಹಲ್ಲಿನ ತುದಿ ತಾಗಿದ ಕೂಡಲೇ ಪುಡಿಯಾಗುತ್ತದೆ. ಪಾಚಿ ಕಟ್ಟುವ ವಸಡಿನ ಅಂಚಿಗೆ ಅದು ತಲುಪುವುದೇ ಇಲ್ಲ, ಎಷ್ಟೋ ಬೆಕ್ಕುಗಳು ಜಗಿಯುವ ಗೋಜಿಗೇ ಹೋಗದೆ ನುಂಗುತ್ತವೆ. ಹಲ್ಲಿಗೆಂದೇ ತಯಾರಾದ ದೊಡ್ಡ ಕಾಳಿನ ಮಾತು ಬೇರೆ. ಇನ್ನು ಕಿಡ್ನಿ: ಆರೋಗ್ಯವಾಗಿರುವ ಬೆಕ್ಕಿನ ಕಿಡ್ನಿಯನ್ನು ಡ್ರೈ ಫುಡ್ ಕೆಡಿಸುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಆಪರೇಷನ್ ಆದ, ಮನೆಯೊಳಗೇ ಇರುವ ಗಂಡು ಬೆಕ್ಕಿನಲ್ಲಿ ಹೆದರಬೇಕಾದದ್ದು ಎರಡಕ್ಕೆ: ಮೂತ್ರ ಕಟ್ಟುವುದು ಮತ್ತು ಬೊಜ್ಜು.

ಬೆಕ್ಕು ಮರುಭೂಮಿ ಕಡೆಯ ಕಾಡುಬೆಕ್ಕಿನ ಸಂತತಿ. ಬೇಟೆಯ ಮೈಯಲ್ಲಿರುವ ನೀರಿನಲ್ಲೇ ಬದುಕಿದ ಪ್ರಾಣಿಗೆ ಬಾಯಾರಿಕೆ ಕಡಿಮೆ. ಡ್ರೈ ಫುಡ್‌ನಲ್ಲಿ ನೀರಿನಂಶ ಸುಮಾರು 10 ಶೇಕಡಾ, ಪೌಚಿನಲ್ಲಿ ಬರುವ ವೆಟ್ ಫುಡ್‌ನಲ್ಲಿ 75ರಿಂದ 82. ನಿಮ್ಮ ಬೆಕ್ಕಿಗೆ ದಿನಕ್ಕೆ ಒಟ್ಟು ಸುಮಾರು 200 ಮಿಲಿ ನೀರು ಬೇಕು. 60 ಗ್ರಾಂ ಕಾಳು ತಿಂದರೆ ಅದರಿಂದ ಸಿಗುವುದು 6 ಮಿಲಿ! ಉಳಿದದ್ದನ್ನು ಕುಡಿದು ತುಂಬಿಸಿಕೊಳ್ಳಬೇಕು, ಬಹಳ ಬೆಕ್ಕುಗಳು ಅಷ್ಟು ಕುಡಿಯುವುದಿಲ್ಲ. ಮೂತ್ರ ಗಟ್ಟಿಯಾದಂತೆ ಅದರಲ್ಲಿ ಹರಳು ಕಟ್ಟುವ ಸಾಧ್ಯತೆ ಹೆಚ್ಚು. ಗಂಡು ಬೆಕ್ಕಿನ ಮೂತ್ರನಾಳ ತುದಿಯಲ್ಲಿ ತೀರಾ ಸಪೂರ, ಮರಳಿನಂಥ ಹರಳೂ ಅಲ್ಲಿ ಸಿಕ್ಕಿಕೊಳ್ಳುತ್ತದೆ.

ಬೆಕ್ಕು ಮತ್ತೆ ಮತ್ತೆ ಮಲಮೂತ್ರದ ಟ್ರೇಗೆ ಹೋಗಿ ಕೂರುತ್ತಿದೆ, ತಿಣುಕಿದರೂ ಹನಿ ಬರುತ್ತಿಲ್ಲ, ಕೂಗುತ್ತದೆ, ಅಡಿಭಾಗವನ್ನೇ ನೆಕ್ಕುತ್ತದೆ ಎಂದಾದರೆ ಮಲಬದ್ಧತೆ ಇರಬೇಕೆಂದು ಎಣ್ಣೆ ಕುಡಿಸುತ್ತಾ ಕೂರಬೇಡಿ. ಪೂರ್ತಿ ಕಟ್ಟಿದರೆ ಒಂದೆರಡು ದಿನದಲ್ಲೇ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲಬಹುದು. ರಾತ್ರಿಯಾದರೂ ಆಗಲೇ ವೈದ್ಯರಲ್ಲಿಗೆ ಒಯ್ಯಿರಿ.

ಬಟ್ಟಲು ತುಂಬಿಸಿಡುವ ಪದ್ಧತಿ ಇವತ್ತೇ ನಿಲ್ಲಲಿ. 4 ಕಿಲೋದ ಇಂಥ ಬೆಕ್ಕಿಗೆ ದಿನಕ್ಕೆ 200ರಿಂದ 240 ಕ್ಯಾಲೊರಿ ಸಾಕು. ಡ್ರೈ ಫುಡ್ 100 ಗ್ರಾಂಗೆ 350ರಿಂದ 400 ಕ್ಯಾಲೊರಿ, 85 ಗ್ರಾಂ ಪೌಚ್ ಒಂದಕ್ಕೆ ಸುಮಾರು 60ರಿಂದ 80. ನಮ್ಮ ಸಲಹೆ: ಬೆಳಿಗ್ಗೆ ಒಂದು ಪೌಚ್, ರಾತ್ರಿ ಒಂದು ಪೌಚ್, ನಡುವೆ 20–25 ಗ್ರಾಂ ಕಾಳು. ಅಷ್ಟು ಖರ್ಚು ಬೇಡವೆಂದರೆ ಒಂದು ಪೌಚ್ ಮತ್ತು 40 ಗ್ರಾಂ ಕಾಳು. ಕಾಳನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿಯೇ ಹಾಕಿ. ಲೋಟದ ಅಳತೆಯಲ್ಲಿ ದಿನಕ್ಕೆ 10 ಗ್ರಾಂ ಹೆಚ್ಚಾದರೆ ಅದೇ 35–40 ಕ್ಯಾಲೊರಿ, ಈ ಗಾತ್ರದ ಪ್ರಾಣಿಗೆ ಅದು ಸಣ್ಣ ಲೆಕ್ಕವಲ್ಲ. ವೆಟ್ ಫುಡ್ ಕೆಲಸ ಮಾಡುತ್ತಿದೆಯೇ ಎಂದು ಟ್ರೇಯಲ್ಲೇ ನೋಡಬಹುದು: ಮೂತ್ರ ಬಿದ್ದು ಗಟ್ಟಿಯಾದ ಲಿಟರ್ (ಟ್ರೇಗೆ ಹಾಕುವ ಮರಳಿನಂಥ ಪುಡಿ) ಉಂಡೆ ಮೊದಲು ನೆಲ್ಲಿಕಾಯಿಯಷ್ಟಿದ್ದದ್ದು ಲಿಂಬೆಹಣ್ಣಿನಷ್ಟಾದರೆ ಒಳಗೆ ನೀರು ಹೋಗುತ್ತಿದೆ ಎಂದೇ ಅರ್ಥ.

ಪ್ರಶ್ನೆ: ನಾವು ಮಲ್ಪೆಯವರು, ಮನೆಯಲ್ಲಿ ಮೀನಿಗೆ ಬರವಿಲ್ಲ. ಬೆಕ್ಕು ಬೂತಾಯಿ, ಬಂಗುಡೆ ಬಿಟ್ಟು ಬೇರೆ ಏನೂ ಮುಟ್ಟುವುದಿಲ್ಲ. ಹೀಗಿರುವಾಗ ಪ್ಯಾಕೆಟ್ ಆಹಾರಕ್ಕೆ ದುಡ್ಡು ಹಾಕಬೇಕೇ? ಕಳೆದ ಮಳೆಗಾಲದಲ್ಲಿ ಮೀನಿಲ್ಲದೆ ಎರಡು ದಿನ ಉಪವಾಸ ಕೂತಿತ್ತು.

ಉತ್ತರ: ಹಾಕಬೇಕು. ಆ ಎರಡು ದಿನದ ಉಪವಾಸವೇ ಅದಕ್ಕೆ ದೊಡ್ಡ ಕಾರಣ. ಊಟ ನಿಂತಾಗ ಬೆಕ್ಕಿನ ಮೈಯ ಕೊಬ್ಬು ರಾಶಿಯಾಗಿ ಪಿತ್ತಜನಕಾಂಗಕ್ಕೆ ಬಂದು ತುಂಬಿಕೊಳ್ಳುತ್ತದೆ. ದಪ್ಪ ಬೆಕ್ಕಾದರೆ ಎರಡು ಮೂರು ದಿನದಲ್ಲೇ ಇದು ಶುರುವಾಗಿ ಕಣ್ಣು, ವಸಡು ಹಳದಿಯಾಗಬಹುದು. ಹಸಿವಾದರೆ ತಾನೇ ತಿನ್ನುತ್ತದೆ ಎಂಬ ಹಠ ನಾಯಿಯ ಹತ್ತಿರ ನಡೆದೀತು, ಬೆಕ್ಕಿನ ಹತ್ತಿರ ಬೇಡ. ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ ವೈದ್ಯರಿಗೆ ಫೋನ್ ಮಾಡಿ.

ಮೀನಿನ ವಿಷಯ. ಕೆಲವು ಜಾತಿಯ ಹಸಿ ಮೀನಿನಲ್ಲಿ ಥಯಾಮಿನ್, ಅಂದರೆ ಬಿ1 ವಿಟಮಿನ್ ಅನ್ನು ಒಡೆಯುವ ಕಿಣ್ವ ಇರುತ್ತದೆ. ವಾರಗಟ್ಟಲೆ ಹಸಿ ಮೀನೇ ಊಟವಾದರೆ ಬೆಕ್ಕು ತಲೆ ಕೆಳಗೆ ಹಾಕಿ ತೂರಾಡಬಹುದು, ಅಪಸ್ಮಾರವೂ ಬರಬಹುದು. ಬೇಯಿಸಿದರೆ ಆ ಕಿಣ್ವ ಸಾಯುತ್ತದೆ. ಬೇಯಿಸಿದರೂ ಹೋಗದ ತೊಂದರೆ ಎರಡು. ಒಂದು, ಎಣ್ಣೆಯಂಶದ ಮೀನೇ ದಿನವೂ ಆದರೆ ವಿಟಮಿನ್ ಇ ಸಾಲದೆ ಚರ್ಮದಡಿಯ ಕೊಬ್ಬು ಉರಿಯೂತದಿಂದ ಗಡುಸಾಗುತ್ತದೆ. ಎತ್ತಿಕೊಂಡರೆ ಬೆಕ್ಕು ಕಿರುಚುವುದು ಅದರ ಗುರುತು. ಎರಡು, ಬಿಸಿಲಿನಲ್ಲಿ ಕೆಟ್ಟ ಬಂಗುಡೆಯಲ್ಲಿ ಹುಟ್ಟುವ ಹಿಸ್ಟಮಿನ್ ಬೇಯಿಸಿದರೆ ನಾಶವಾಗುವುದಿಲ್ಲ. ನಿಮಗೆ ಬೇಡವಾದ ಮೀನು ಬೆಕ್ಕಿಗೂ ಬೇಡ.

ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ರಜೆಯಲ್ಲವೇ, ಬದಲಾವಣೆಯನ್ನು ಮೇ ಮಧ್ಯದಲ್ಲೇ ಶುರು ಮಾಡಿ. ಮೊದಲ ಮೂರು ದಿನ ಬೇಯಿಸಿ ಮುಳ್ಳು ತೆಗೆದ ಮೀನು ಮುಕ್ಕಾಲು, ವೆಟ್ ಫುಡ್ ಕಾಲು ಭಾಗ, ಚೆನ್ನಾಗಿ ಕಿವುಚಿ. ಮುಂದಿನ ಮೂರು ದಿನ ಅರ್ಧಕ್ಕರ್ಧ. ಹತ್ತನೇ ದಿನಕ್ಕೆ ಮೀನು ರುಚಿಗೆ ಮಾತ್ರ. ನಡುವೆ ಮುಖ ತಿರುಗಿಸಿದರೆ ಹಿಂದಿನ ಅಳತೆಗೆ ಇಳಿದು ಎರಡು ದಿನ ತಡೆಯಿರಿ. ಆಮೇಲೆ ದಿನಕ್ಕೆ ಹೆಬ್ಬೆರಳ ಗಾತ್ರದ ಒಂದು ತುಂಡು, ಸುಮಾರು 15 ಗ್ರಾಂ, ಬರೀ ನೀರಿನಲ್ಲಿ ಬೇಯಿಸಿದ್ದು. ಬೆಂದ ನೀರನ್ನು ಚೆಲ್ಲದೆ ಆಹಾರದ ಮೇಲೇ ಹೊಯ್ಯಿರಿ, ಟಾರಿನ್ ಎಂಬ ಬೇಕಾದ ಅಂಶ ಆ ನೀರಿಗೆ ಇಳಿದಿರುತ್ತದೆ. ಸಾರಿನ ಹೋಳು ತೊಳೆದು ಹಾಕುವುದೂ ಬೇಡ. ನೀರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣವನ್ನು ಒಡೆಯುತ್ತವೆ. ಉಪ್ಪಿನ ಒಣಮೀನು ಸುತರಾಂ ಬೇಡ.

ಪ್ರಶ್ನೆ: ಸುರತ್ಕಲ್‌ನಲ್ಲಿದ್ದೇವೆ. 7 ಕಿಲೋದ ಡ್ರೈ ಫುಡ್ ಚೀಲ ಅಗ್ಗವೆಂದು ತಂದೆವು. ಜುಲೈಯಲ್ಲಿ ಬೆಕ್ಕು ಮೂಸಿ ಬಿಡುತ್ತದೆ. ಇರುವೆ ಕಾಟ ಬೇರೆ.

ಉತ್ತರ: ಬೆಕ್ಕು ಹೇಳುವುದನ್ನು ನಂಬಿ. ಕಾಳಿನ ಹೊರಮೈಗೆ ಸಿಂಪಡಿಸಿದ ಕೊಬ್ಬು ಗಾಳಿ, ಬಿಸಿಗೆ ಕಮಟು ಹಿಡಿಯುತ್ತದೆ. ಹಳೇ ಕೊಬ್ಬರಿ ಎಣ್ಣೆಯ ವಾಸನೆ ಬಂದರೆ, ಅಥವಾ ಕಾಳು ಕಟಕ್ಕೆನ್ನದೆ ಮೆತ್ತಗೆ ಬಾಗಿದರೆ ಚೀಲ ಎಸೆಯಿರಿ. ತೇವ ಹಿಡಿದ ಕಾಳಿಗೆ ಬೂಸ್ಟು ಬಂದು ಅದರ ವಿಷ ಪಿತ್ತಜನಕಾಂಗಕ್ಕೆ ಹೋಗುತ್ತದೆ, ಒಲೆಯಲ್ಲಿ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಒಂದು ಬೆಕ್ಕಿಗೆ ತಿಂಗಳಿಗೆ ಬೇಕಾಗುವುದು ಹೆಚ್ಚೆಂದರೆ 2 ಕಿಲೋ. ಕರಾವಳಿಯ ಮಳೆಗಾಲಕ್ಕೆ ಅದಕ್ಕಿಂತ ದೊಡ್ಡ ಚೀಲ ಅಗ್ಗವಾಗುವುದೇ ಇಲ್ಲ. ಚೀಲದ ಬಾಯಿ ಮಡಚಿ, ಕ್ಲಿಪ್ ಹಾಕಿ, ಚೀಲ ಸಮೇತ ಗಾಳಿ ಹೋಗದ ಡಬ್ಬಿಯಲ್ಲಿಡಿ. ಬರೀ ಪ್ಲಾಸ್ಟಿಕ್ ಡಬ್ಬಿಗೆ ಸುರಿದರೆ ಅಡಿಯಲ್ಲಿ ಅಂಟಿದ ಹಳೇ ಕೊಬ್ಬು ಹೊಸ ಕಾಳನ್ನೂ ಕೆಡಿಸುತ್ತದೆ, ಎಕ್ಸ್‌ಪೈರಿ ತಾರೀಕೂ ಕಳೆದುಹೋಗುತ್ತದೆ. ಫ್ರಿಜ್ ಬೇಡ, ತೆಗೆದಾಗಲೆಲ್ಲ ಕಾಳು ಬೆವರುತ್ತದೆ. ಇರುವೆಗೆ ಹಳೆಯ ಉಪಾಯವೇ ಸರಿ: ನೀರು ತುಂಬಿದ ಅಗಲ ತಟ್ಟೆಯ ನಡುವೆ ಬಟ್ಟಲಿಡಿ. ಲಕ್ಷ್ಮಣರೇಖೆ ಚಾಕ್‌ಪೀಸ್ ಮಾತ್ರ ಬೇಡ, ಅದು ಕೀಟನಾಶಕ, ಬೆಕ್ಕು ಕಾಲು ನೆಕ್ಕುತ್ತದೆ.

ಪ್ರಶ್ನೆ: ಉಡುಪಿಯಲ್ಲಿ ನಮ್ಮದು ಸಸ್ಯಾಹಾರಿ ಮನೆ. ಮೊಸರನ್ನ, ಹಾಲಿನಲ್ಲೇ ಬೆಕ್ಕು ಬೆಳೆಯಬಹುದೇ?

ಉತ್ತರ: ಆಗುವುದಿಲ್ಲ. ಟಾರಿನ್ ಸಹಜವಾಗಿ ಮಾಂಸ, ಮೀನಿನಲ್ಲಿ ಮಾತ್ರ ಸರಿಯಾದ ಪ್ರಮಾಣದಲ್ಲಿ ಸಿಗುವುದು. ಅದು ಕಡಿಮೆಯಾದರೆ ಬೆಕ್ಕಿನ ಹೃದಯದ ಸ್ನಾಯು ಹಿಗ್ಗುತ್ತದೆ, ಕಣ್ಣು ಕುರುಡಾಗುತ್ತದೆ. ಹೋದ ಕಣ್ಣು ಮತ್ತೆ ಬರುವುದಿಲ್ಲ. ಊರಿನ ಬೆಕ್ಕುಗಳು ಮೊಸರನ್ನದಲ್ಲಿ ಬದುಕಿದ್ದು ಹೊರಗೆ ಹಿಡಿದ ಇಲಿ, ಓತಿಗಳ ಬಲದಿಂದ. ನಿಮ್ಮಂಥ ಮನೆಗೆ ಡ್ರೈ ಫುಡ್ಡೇ ಅನುಕೂಲ: ಅಡುಗೆಮನೆಗೆ ತರಬೇಕಾಗಿಲ್ಲ, ಹೊರಗಿನ ಜಗಲಿಯಲ್ಲೇ ಬಟ್ಟಲಿಟ್ಟರಾಯಿತು. ನೀರನ್ನು ಊಟದ ಬಟ್ಟಲಿನಿಂದ ದೂರ, ಎರಡು ಮೂರು ಕಡೆ, ಮೀಸೆ ತಾಗದಷ್ಟು ಅಗಲದ ಪಾತ್ರೆಯಲ್ಲಿಡಿ.

ಪ್ರಶ್ನೆ: ಮಣಿಪಾಲದಲ್ಲಿ ಓದುತ್ತಿದ್ದೇನೆ. ಪೌಚ್ ಮೇಲೆ ಪ್ರೋಟೀನ್ 10 ಶೇಕಡಾ, ಡ್ರೈ ಮೇಲೆ 32. ಆದರೂ ಪೌಚ್ ಯಾಕೆ ದುಬಾರಿ? ತೆರೆದ ಪೌಚ್ ಎಷ್ಟು ಹೊತ್ತು ಇಡಬಹುದು?

ಉತ್ತರ: ನೀರು ಕಳೆದು ಲೆಕ್ಕ ಹಾಕಿ. ಪೌಚ್‌ನಲ್ಲಿ 80 ಭಾಗ ನೀರಾದರೆ ಉಳಿದ 20ರಲ್ಲಿ 10 ಪ್ರೋಟೀನ್, ಅಂದರೆ 50 ಶೇಕಡಾ. ಡ್ರೈನಲ್ಲಿ 90ಕ್ಕೆ 32, ಸುಮಾರು 36. ಬೆಲೆಯನ್ನು ಕ್ಯಾಲೊರಿಗೆ ಹೋಲಿಸಿದರೆ ಪೌಚ್ ದುಬಾರಿಯೇ: 70 ಕ್ಯಾಲೊರಿಯ ಪೌಚ್ 45 ರೂಪಾಯಿ, ಕಿಲೋಗೆ 3,700 ಕ್ಯಾಲೊರಿಯ ಡ್ರೈ 400 ರೂಪಾಯಿ ಎಂದಿಟ್ಟುಕೊಂಡರೆ 100 ಕ್ಯಾಲೊರಿಗೆ 64 ರೂಪಾಯಿ ಒಂದು ಕಡೆ, 11 ಇನ್ನೊಂದು ಕಡೆ. ಪೌಚ್‌ನ ಹಿಂಬದಿಯಲ್ಲಿ ‘ಕಂಪ್ಲೀಟ್’ ಎಂದಿರಲಿ. ‘ಕಾಂಪ್ಲಿಮೆಂಟರಿ’ ಎಂದಿದ್ದರೆ ಅದು ತಿಂಡಿ, ಊಟವಲ್ಲ. ನಮ್ಮ ಸೆಕೆಗೆ ಬಟ್ಟಲಿನಲ್ಲಿ ಒಂದು ಗಂಟೆಗಿಂತ ಹೆಚ್ಚು ಬಿಡಬೇಡಿ. ಉಳಿದರ್ಧವನ್ನು ಮುಚ್ಚಿದ ಸ್ಟೀಲ್ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಟ್ಟು ಮರುದಿನದೊಳಗೆ ಮುಗಿಸಿ. ತಣ್ಣಗಿದ್ದರೆ ವಾಸನೆ ಬಾರದೆ ಬೆಕ್ಕು ಬಿಟ್ಟೇಳುತ್ತದೆ. ಡಬ್ಬಿಯನ್ನು ಐದು ನಿಮಿಷ ಬಿಸಿನೀರಿನಲ್ಲಿಟ್ಟು, ಬೆರಳಿಗೆ ಉಗುರುಬೆಚ್ಚಗಾದ ಮೇಲೆ ಹಾಕಿ.