ಬ್ರಾಡ್‌ಮನ್ ಸಂಖ್ಯೆಗಳ ಗಡಿಗಳು ಮೆದುಳಿನಲ್ಲಿ ನಿಜವಾಗಿಯೂ ಇವೆಯೇ?

ಮೆದುಳಿನ ನಕ್ಷೆಗಳಲ್ಲಿ ಕಾಣುವ 4, 17, 44 ಮುಂತಾದ ಸಂಖ್ಯೆಗಳು ನಿಜವಾದ ಗಡಿಗಳನ್ನು ಸೂಚಿಸುತ್ತವೆಯೇ, ಅಥವಾ ವಿಜ್ಞಾನಿಗಳು ಅನುಕೂಲಕ್ಕೆಂದು ಎಳೆದುಕೊಂಡ ಗೆರೆಗಳೇ ಎಂದು ನೀವು ಕೇಳಿದ್ದೀರಿ. ಗಡಿಗಳು ನಿಜವಾಗಿಯೂ ಇವೆ, ಆದರೆ ಅವು ಇರುವುದು ಅಂಗಾಂಶದಲ್ಲಿ. ಸ್ಕ್ಯಾನ್ ಚಿತ್ರದ ಮೇಲೆ ಬರೆದ ಸಂಖ್ಯೆ ಬಹುಪಾಲು ಒಂದು ಅಂದಾಜು ಮಾತ್ರ.

ಮೆದುಳಿನ ಹೊರಭಾಗವಾದ ಕಾರ್ಟೆಕ್ಸ್ ಕೆಲವೇ ಮಿಲಿಮೀಟರ್ ದಪ್ಪವಿದ್ದು, ಅದರ ಬಹುಭಾಗದಲ್ಲಿ ಜೀವಕೋಶಗಳು ಆರು ಪದರಗಳಲ್ಲಿ ಜೋಡಣೆಗೊಂಡಿರುತ್ತವೆ. ಅದನ್ನು ಬಹಳ ತೆಳುವಾಗಿ ಸೀಳಿ, ಕೋಶಕಾಯಗಳಿಗೆ ಮಾತ್ರ ಬಣ್ಣ ಹಿಡಿಯುವ ನಿಸ್ಲ್ ವಿಧಾನವನ್ನು ಬಳಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಯಾವ ಪದರ ದಪ್ಪ, ಎಲ್ಲಿ ಕೋಶಗಳು ಒತ್ತೊತ್ತಾಗಿವೆ, ಎಲ್ಲಿ ದೊಡ್ಡದಾಗಿವೆ ಎಂಬುದು ಜಾಗದಿಂದ ಜಾಗಕ್ಕೆ ಬದಲಾಗುವುದು ಕಾಣುತ್ತದೆ. ಚಲನೆಗೆ ಸಂಬಂಧಿಸಿದ 4ನೇ ಪ್ರದೇಶದಲ್ಲಿ ನಾಲ್ಕನೇ ಪದರ ಗುರುತಿಸಲಾಗದಷ್ಟು ಕ್ಷೀಣವಾಗಿದ್ದು, ಐದನೇ ಪದರದಲ್ಲಿ ಅಂಗರಚನಾ ವಿಜ್ಞಾನಿ ವ್ಲಾದಿಮಿರ್ ಬೆಟ್ಜ್ 1874ರಲ್ಲಿ ವರ್ಣಿಸಿದ ದೈತ್ಯ ಪಿರಮಿಡ್ ಕೋಶಗಳಿರುತ್ತವೆ. ದೃಷ್ಟಿಗೆ ಸಂಬಂಧಿಸಿದ 17ನೇ ಪ್ರದೇಶದಲ್ಲಿ ಇದಕ್ಕೆ ತದ್ವಿರುದ್ಧವಾಗಿ ನಾಲ್ಕನೇ ಪದರವೇ ಒಳಪದರಗಳಾಗಿ ಒಡೆದುಕೊಂಡಿರುತ್ತದೆ. ಅದರೊಳಗೆ ಹಾದುಹೋಗುವ ಬಿಳಿಯ ಪಟ್ಟಿ ಬರಿಗಣ್ಣಿಗೂ ಕಾಣುವಂಥದ್ದು. ಇಟಲಿಯ ಪಾರ್ಮಾದಲ್ಲಿ ವಿದ್ಯಾರ್ಥಿಯಾಗಿದ್ದ ಫ್ರಾಂಚೆಸ್ಕೊ ಜೆನ್ನಾರಿ 1776ರಲ್ಲೇ ಅದನ್ನು ಗಮನಿಸಿದ್ದ. 17 ಮುಗಿದು 18 ಆರಂಭವಾಗುವಲ್ಲಿ ಆ ಪಟ್ಟಿ ಥಟ್ಟನೆ ನಿಂತುಹೋಗುವುದನ್ನು ಮೊದಲ ಬಾರಿ ಕಂಡಾಗ ಗಡಿಗಳ ಬಗ್ಗೆ ನನಗಿದ್ದ ಸಂಶಯ ದೂರವಾಯಿತು. ಎಲ್ಲ ಗಡಿಗಳೂ ಇಷ್ಟು ಸ್ಪಷ್ಟವಲ್ಲ ಎಂಬುದನ್ನೂ ಹೇಳಲೇಬೇಕು.

ಜರ್ಮನ್ ನರವಿಜ್ಞಾನಿ ಕೊರ್ಬಿನಿಯನ್ ಬ್ರಾಡ್‌ಮನ್ 1909ರಲ್ಲಿ ಪ್ರಕಟಿಸಿದ ನಕ್ಷೆಯೇ ಈ ಸಂಖ್ಯೆಗಳ ಮೂಲ. ಸಂಖ್ಯೆಗಳ ಕ್ರಮಕ್ಕೂ ಮೆದುಳಿನ ಕೆಲಸಕ್ಕೂ ಸಂಬಂಧವಿಲ್ಲ. ಎಣಿಕೆ 52ರವರೆಗೆ ಹೋದರೂ, ಅವನು ಬೇರೆ ಪ್ರಾಣಿಗಳಲ್ಲಿ ಮಾತ್ರ ಗುರುತಿಸಿದ ಕೆಲವು ಸಂಖ್ಯೆಗಳು ಮನುಷ್ಯನ ನಕ್ಷೆಯಲ್ಲಿಲ್ಲ. ನನ್ನ ದೃಷ್ಟಿಯಲ್ಲಿ ಆ ನಕ್ಷೆಯ ದೊಡ್ಡ ಕೊರತೆಗಳು ಎರಡು. ಮಡಿಕೆಗಳ ಸಂದುಗಳಲ್ಲಿ ಅಡಗಿರುವ ಕಾರ್ಟೆಕ್ಸ್, ಅಂದರೆ ಒಟ್ಟು ವಿಸ್ತಾರದ ಹೆಚ್ಚಿನ ಪಾಲು, ಹೊರಮೈಯ ಚಿತ್ರದಲ್ಲಿ ಕಾಣುವುದೇ ಇಲ್ಲ. ಜೊತೆಗೆ, ವ್ಯಕ್ತಿಯಿಂದ ವ್ಯಕ್ತಿಗೆ ಇರುವ ವ್ಯತ್ಯಾಸವನ್ನು ಒಂದೇ ಚಿತ್ರ ಹೇಳಲಾರದು. ಗಡಿ ಎಲ್ಲಿದೆ ಎಂಬುದು ನೋಡುವವರ ಕಣ್ಣನ್ನು ಅವಲಂಬಿಸಿತ್ತು ಎಂಬ ಆಕ್ಷೇಪವೂ ನ್ಯಾಯವಾದದ್ದೇ. ಉದಾಹರಣೆಗೆ, 1925ರಲ್ಲಿ ಫಾನ್ ಎಕನೊಮೊ ಮತ್ತು ಕೊಸ್ಕಿನಾಸ್ ಎಂಬ ವಿಜ್ಞಾನಿಗಳು ಅದೇ ಕಾರ್ಟೆಕ್ಸನ್ನು 107 ಪ್ರದೇಶಗಳಾಗಿ ವಿಂಗಡಿಸಿದರು.

ಈ ಆಕ್ಷೇಪಕ್ಕೆ ಉತ್ತರವನ್ನು ಕಾರ್ಲ್ ಜಿಲೆಸ್, ಕಾಟ್ರಿನ್ ಅಮುಂಟ್ಸ್ ಮತ್ತು ಅವರ ಸಹೋದ್ಯೋಗಿಗಳು ಜರ್ಮನಿಯಲ್ಲಿ ಕಂಡುಕೊಂಡರು. ಕಾರ್ಟೆಕ್ಸಿನ ಮೇಲ್ಮೈಯಿಂದ ಒಳಗಿನ ಬಿಳಿ ಅಂಗಾಂಶದವರೆಗೆ ಕೋಶಸಾಂದ್ರತೆ ಹೇಗೆ ಏರಿಳಿಯುತ್ತದೆ ಎಂಬುದನ್ನು ಕಂಪ್ಯೂಟರಿನಿಂದ ಅಳೆದು, ಅಕ್ಕಪಕ್ಕದ ಅಳತೆಗಳ ನಡುವಿನ ವ್ಯತ್ಯಾಸ ಸಂಖ್ಯಾಶಾಸ್ತ್ರದ ಪ್ರಕಾರ ಗಣನೀಯವಾಗುವಲ್ಲಿ ಗಡಿ ಗುರುತಿಸುವ ವಿಧಾನ ಅವರದು. ಭಾಷೆಗೆ ಸಂಬಂಧಿಸಿದ 44 ಮತ್ತು 45ನೇ ಪ್ರದೇಶಗಳನ್ನು ಹೀಗೆ ಹತ್ತು ಮೆದುಳುಗಳಲ್ಲಿ ಅಳೆದು 1999ರಲ್ಲಿ ಪ್ರಕಟಿಸಿದಾಗ, ಅವುಗಳ ಗಾತ್ರ ಒಬ್ಬರಿಂದ ಒಬ್ಬರಿಗೆ ಬಹಳ ಬೇರೆಯಾಗಿರುವುದೂ, ಗಡಿಗಳು ಮಡಿಕೆಗಳ ಸಂದುಗಳನ್ನು ನಿಷ್ಠೆಯಿಂದ ಅನುಸರಿಸದಿರುವುದೂ ತಿಳಿಯಿತು. ಇಂಥ ಅಳತೆಗಳನ್ನು ಒಟ್ಟುಗೂಡಿಸಿದ ಯೂಲಿಶ್ ಅಟ್ಲಾಸ್ 2020ರಲ್ಲಿ ಪ್ರಕಟವಾಯಿತು. ಒಂದು ಬಿಂದು ಯಾವ ಪ್ರದೇಶಕ್ಕೆ ಸೇರಿದೆ ಎಂಬುದಕ್ಕೆ ಅದು ಕೊಡುವುದು ಸಂಭವನೀಯತೆಯನ್ನು.

ಹೀಗಾಗಿ ಎಂಆರ್‌ಐ ಆಧಾರಿತ ಲೇಖನವೊಂದರಲ್ಲಿ ‘44ನೇ ಪ್ರದೇಶ ಸಕ್ರಿಯವಾಯಿತು’ ಎಂದು ಓದಿದಾಗ, ಸಂಶೋಧಕರು ಅಲ್ಲಿನ ಕೋಶಗಳನ್ನು ಕಂಡಿಲ್ಲ, ಸ್ಥಾನವನ್ನು ನೋಡಿ ಹೆಸರು ಕೊಟ್ಟಿದ್ದಾರೆ ಎಂದು ತಿಳಿದುಕೊಳ್ಳಿ. 17ರ ವಿಷಯದಲ್ಲಿ ಮಾತ್ರ ಹೆಚ್ಚು ಧೈರ್ಯದಿಂದ ನಂಬಬಹುದು. ಅದು ಮೆದುಳಿನ ಹಿಂಭಾಗದ ಕ್ಯಾಲ್ಕರೈನ್ ಸಂದಿನ ಉದ್ದಕ್ಕೂ ಹರಡಿಕೊಂಡಿರುತ್ತದೆ. ಅಲ್ಲದೆ ಜೆನ್ನಾರಿ ಕಂಡ ಆ ಬಿಳಿ ಪಟ್ಟಿಯನ್ನು ಹೆಚ್ಚು ಸೂಕ್ಷ್ಮವಾದ ಎಂಆರ್‌ಐ ಚಿತ್ರಗಳಲ್ಲಿ ಬದುಕಿರುವ ವ್ಯಕ್ತಿಗಳಲ್ಲೂ ಗುರುತಿಸಲು ಸಾಧ್ಯವಾಗಿದೆ.